ಎರಡು ಮುಟ್ಟುಗಳ ನಡುವಣ ರಕ್ತಸ್ರಾವ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಕೆಲವರಿಗೆ ಸಂಕೋಚವಾಗಿರಬಹುದು. ಗಂಡಸರೂ ಹೆಂಗಸರೂ ಕೂಡಿ ಕುಳಿತ ಸಭೆಯಲ್ಲಿ ಮುಟ್ಟಿನ ಮಾತೇ ಎಂದು ಅನ್ನಿಸುವುದು ಸಹಜ. ನಮ್ಮ ಮನೆಗಳಲ್ಲಿ ಇದನ್ನು ಹೆಸರು ಹಿಡಿದು ಹೇಳುವ ರೂಢಿಯೇ ಇಲ್ಲ. ಒಬ್ಬರು 'ಹೊರಗಾದಳು' ಎನ್ನುತ್ತಾರೆ, ಇನ್ನೊಬ್ಬರು 'ದೂರ ಕೂತಿದ್ದಾಳೆ' ಎನ್ನುತ್ತಾರೆ. ಈ ಕಡೆಗೆ ಬಂದ ಮೇಲೆ ನೆರೆಮನೆಯ ಮರಾಠಿ ಬಾಯಿಯವರಿಂದ 'ಪಾಳಿ' ಎಂಬ ಮಾತನ್ನೂ ಕಲಿತಿದ್ದೇವೆ; ಕಾರಖಾನೆಯ ಪಾಳಿಗೂ ಇದಕ್ಕೂ ಒಂದೇ ಹೆಸರು. ತಿಂಗಳಿಗೊಮ್ಮೆ ಕ್ರಮವಾಗಿ ಬರುವ ಸಂಗತಿಯನ್ನೇ ಮರೆಮಾಚಿ ಹೇಳುವವರು, ಆ ಕ್ರಮ ತಪ್ಪಿ ನಡುವೆ ಎಂದೋ ರಕ್ತ ಕಾಣಿಸಿಕೊಂಡರೆ ಅದನ್ನು ಯಾರ ಮುಂದೆ ಹೇಳಿಯಾರು? ಬಹುಮಟ್ಟಿಗೆ ಯಾರ ಮುಂದೆಯೂ ಹೇಳುವುದಿಲ್ಲ. ಆ ಮೌನದಿಂದ ಆಗುವ ನಷ್ಟ ದೊಡ್ಡದು. ಆದುದರಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಈ ಮೌನಕ್ಕೆ ನಮ್ಮ ಊರುಗಳ ಬಾಳುವೆಯೂ ಒತ್ತಾಸೆಯಾಗಿದೆ. ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಬೆಳಗಿನ ಲೋಕಲ್ ಹಿಡಿದು ಹೊರಟ ಗಂಡ ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತಾನೆ. ಹೆಂಡತಿಯೂ ದುಡಿಯುವವಳಾದರೆ ಅವಳ ದಿನವೂ ಗಾಡಿಯ ಗಡಿಯಾರಕ್ಕೆ ಕಟ್ಟಿಬಿದ್ದಿರುತ್ತದೆ. ಚಾಳಿನ ಒಂದೇ ಖೋಲಿಯಲ್ಲಿ ಅತ್ತೆ, ಮಾವ, ಮಕ್ಕಳು ಎಲ್ಲರೂ ಇರುವಾಗ ಗುಟ್ಟಾಗಿ ಎರಡು ಮಾತನಾಡಲು ತೆರಪಿಲ್ಲ. ಇನ್ನು ಹೋಟೆಲು, ಕಟ್ಟಡ ಕೆಲಸ, ಕಾರಖಾನೆ ಎಂದು ಒಂಟಿಯಾಗಿ ಬಂದ ನಮ್ಮ ಅಣ್ಣತಮ್ಮಂದಿರ ಹೆಂಡಂದಿರು ಉಡುಪಿಯ ಕಡೆಯೋ ವಿಜಯಪುರದ ಕಡೆಯೋ ಊರಲ್ಲೇ ಇದ್ದಾರೆ. ಫೋನಿನಲ್ಲಿ ಮಳೆ ಬೆಳೆ, ಮಕ್ಕಳ ಶಾಲೆಯ ಮಾತು ಆಗುತ್ತದೆ. ಈ ಮಾತು ಆಗುವುದಿಲ್ಲ.

ಈ ಸಂಕೋಚದ ಬೆಲೆಯೇನು ಎಂಬುದನ್ನು ಕಲ್ಯಾಣದಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳು ನೂರನಲವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದಳು. ಆನಂದೀಬಾಯಿ ಜೋಶಿಯವರು 1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದರು. ಒಂಬತ್ತನೆಯ ವಯಸ್ಸಿಗೆ ಮದುವೆ. ಗಂಡ ಗೋಪಾಳರಾವ್ ಅಂಚೆ ಕಚೇರಿಯ ಗುಮಾಸ್ತ. ಹದಿನಾಲ್ಕಕ್ಕೆ ಮಗುವಾಯಿತು, ತಕ್ಕ ವೈದ್ಯೋಪಚಾರವಿಲ್ಲದೆ ಹತ್ತು ದಿನಗಳಲ್ಲಿ ತೀರಿಕೊಂಡಿತು. ಆ ತಾಯಿ ಅಮೇರಿಕೆಗೆ ಹೋಗಿ, 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ ಪಡೆದು ಬಂದರು. ಹೊರಡುವ ಮುನ್ನ 1883ರಲ್ಲಿ ಬಂಗಾಳದ ಸೀರಾಮಪುರದಲ್ಲಿ ಸಾರ್ವಜನಿಕವಾಗಿ ಭಾಷಣ ಮಾಡಿ, ಈ ದೇಶಕ್ಕೆ ಹೆಣ್ಣು ವೈದ್ಯರ ಅಗತ್ಯ ಎಷ್ಟಿದೆಯೆಂದು ವಿವರಿಸಿದರು. ಕ್ಷಯರೋಗದಿಂದ 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಅವರು ಪದವಿ ಪಡೆದ 1886ರಲ್ಲಿಯೇ ಮುಂಬಯಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಕಾಮಾ ಆಸ್ಪತ್ರೆ ತೆರೆಯಿತು. ಇಂದು ಹೆಣ್ಣು ವೈದ್ಯರಿಗೆ ಕೊರತೆಯಿಲ್ಲ. ಠಾಣೆಯಿಂದ ಪನವೇಲಿನವರೆಗೆ ಯಾವ ಊರಲ್ಲಿ ಹುಡುಕಿದರೂ ಸಿಗುತ್ತಾರೆ. ಅವರ ಬಾಗಿಲವರೆಗೆ ಹೋಗಿ ಬಾಯಿಬಿಟ್ಟು ಹೇಳುವುದೊಂದೇ ನಮ್ಮಿಂದ ಆಗಬೇಕಾದ ಕೆಲಸ.

ಈಗ ವಿಷಯಕ್ಕೆ ಬರೋಣ. ಮುಟ್ಟು ಎಂದರೆ ಸಾಮಾನ್ಯವಾಗಿ 28 ದಿನಕ್ಕೊಮ್ಮೆ ಎಂದು ಹೇಳುವುದು ವಾಡಿಕೆ. ಆದರೆ ಎಲ್ಲರ ಮೈಯೂ ಪಂಚಾಂಗ ನೋಡಿ ನಡೆಯುವುದಿಲ್ಲ. ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಿದರೆ 24ರಿಂದ 38 ದಿನಗಳವರೆಗೆ ಎಷ್ಟು ಬಂದರೂ ಅದು ಆರೋಗ್ಯದ ಲಕ್ಷಣವೇ. ಸ್ರಾವವು ಎಂಟು ದಿನ ಮೀರಬಾರದು. ಹೀಗೆ ಕ್ರಮವಾಗಿ ಬರುವ ಎರಡು ಮುಟ್ಟುಗಳ ನಡುವೆ, ಬರಬಾರದ ದಿನದಲ್ಲಿ ರಕ್ತ ಕಂಡರೆ, ಅದು ಬಟ್ಟೆಗೆ ತಗಲಿದ ಒಂದು ಚುಕ್ಕೆಯಷ್ಟಾಗಲಿ ಧಾರಾಳವಾಗಿ ಹೋಗಲಿ, ಅದೇ ನಾವು ಇಂದು ಮಾತನಾಡುತ್ತಿರುವ ರಕ್ತಸ್ರಾವ. ಇದರೊಂದಿಗೆ ಇನ್ನೆರಡನ್ನು ಸೇರಿಸಿ ನೆನಪಿಡಬೇಕು: ಗಂಡಹೆಂಡಿರ ಕೂಟದ ನಂತರ ಕಾಣುವ ರಕ್ತ, ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ಕಾಣುವ ರಕ್ತ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಇದು ಒಂದು ರೋಗದ ಹೆಸರಲ್ಲ, ಒಂದು ಸೂಚನೆ. ಜ್ವರ ಬಂದರೆ ಅದು ನೆಗಡಿಯಿಂದಲೂ ಇರಬಹುದು, ಮಲೇರಿಯಾದಿಂದಲೂ ಇರಬಹುದು. ಇದೂ ಹಾಗೆಯೇ. ಕಾರಣಗಳು ಹತ್ತಾರು, ಅವುಗಳಲ್ಲಿ ಹೆಚ್ಚಿನವು ಹೆದರುವಂಥವಲ್ಲ, ಕೆಲವು ಮಾತ್ರ ತಡಮಾಡಿದರೆ ಪ್ರಾಣಕ್ಕೆ ಬರುವಂಥವು. ಮನೆಯಲ್ಲಿ ಕುಳಿತು ಇದು ಇಂಥದೇ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಮೊಟ್ಟಮೊದಲು ಯೋಚಿಸಬೇಕಾದದ್ದು ಬಸಿರು. ಮಕ್ಕಳಾಗುವ ವಯಸ್ಸಿನ ಹೆಂಗಸಿಗೆ ಅಕಾಲದಲ್ಲಿ ರಕ್ತ ಕಂಡರೆ ವೈದ್ಯರು ಮೊದಲು ಮಾಡಿಸುವುದೇ ಮೂತ್ರದ ಪರೀಕ್ಷೆ. ಗರ್ಭ ನೆಲೆಗೊಳ್ಳುವಾಗ ಒಂದೆರಡು ಚುಕ್ಕೆ ಕಾಣುವುದುಂಟು. ಗರ್ಭ ಇಳಿದುಹೋಗುವ ಸೂಚನೆಯೂ ಅದೇ ಇರಬಹುದು. ಎಲ್ಲಕ್ಕಿಂತ ಅಪಾಯದ್ದೆಂದರೆ ಗರ್ಭವು ಗರ್ಭಕೋಶದ ಒಳಗೆ ನಿಲ್ಲದೆ ನಳಿಕೆಯಲ್ಲಿ ನಿಲ್ಲುವುದು. ನೂರು ಬಸಿರುಗಳಲ್ಲಿ ಒಂದೆರಡು ಹೀಗಾಗುತ್ತವೆ. ಹೊರಗೆ ಕಾಣುವ ರಕ್ತ ಸ್ವಲ್ಪವೇ ಇರಬಹುದು. ಆದರೆ ನಳಿಕೆ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ತಲೆ ತಿರುಗುವುದು, ಕಣ್ಣು ಕತ್ತಲೆ ಬರುವುದು, ಭುಜದ ತುದಿಯಲ್ಲಿ ನೋವು, ಇವು ಕಂಡರೆ ಬೆಳಗಾಗುವವರೆಗೂ ಕಾಯಬಾರದು. ಔಷಧದ ಅಂಗಡಿಯಿಂದ ಗುಟ್ಟಾಗಿ ಗರ್ಭ ಇಳಿಸುವ ಗುಳಿಗೆ ತಂದು ನುಂಗಿದವರಿಗೂ ಈ ಎಚ್ಚರಿಕೆ ಸಲ್ಲುತ್ತದೆ. ನಳಿಕೆಯಲ್ಲಿ ನಿಂತ ಗರ್ಭಕ್ಕೆ ಆ ಗುಳಿಗೆ ಕೆಲಸಮಾಡುವುದಿಲ್ಲ. ಹೋಗುವ ರಕ್ತ ನೋಡಿ 'ಎಲ್ಲ ಸರಿಹೋಯಿತು' ಎಂದು ಮೋಸಹೋಗುತ್ತಾರೆ.

ಎರಡನೆಯದು, ಸಂತಾನ ನಿಯಂತ್ರಣದ ಸಾಧನಗಳು. ಕಾಪರ್-ಟಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ನಡುನಡುವೆ ಚುಕ್ಕೆ ಕಾಣುವುದು ಸಾಮಾನ್ಯ. ಗುಳಿಗೆ ತೊಡಗಿದ ಮೊದಲ ಮೂರು ತಿಂಗಳೂ ಹಾಗೆಯೇ. ಒಂದು ದಿನ ಮರೆತರೂ ರಕ್ತ ಕಾಣಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನಿಂದ ಮುಟ್ಟಿನ ಲೆಕ್ಕವೇ ತಪ್ಪುವುದುಂಟು. ಅವಸರಕ್ಕೆಂದು ಎಪ್ಪತ್ತೆರಡು ಗಂಟೆಯೊಳಗೆ ತೆಗೆದುಕೊಳ್ಳುವ ಗುಳಿಗೆಯ ನಂತರವೂ ಸ್ರಾವ ಏರುಪೇರಾಗುತ್ತದೆ. ಇವುಗಳಿಂದ ಪ್ರಾಣಭಯವಿಲ್ಲ. ಆದರೆ ಹಾಕಿಸಿ ವರ್ಷಗಟ್ಟಲೆ ಸುಮ್ಮನಿದ್ದ ಕಾಪರ್-ಟಿಯ ಮೇಲೆ ಹೊಸದಾಗಿ ರಕ್ತ ಕಂಡರೆ, 'ಅದೇ ಕಾರಣ' ಎಂದು ನಾವೇ ತೀರ್ಪು ಕೊಡುವುದು ತರವಲ್ಲ.

ಇದೇ ಗುಂಪಿಗೆ ನಮ್ಮ ಮನೆಗಳ ಇನ್ನೊಂದು ಪದ್ಧತಿಯನ್ನು ಸೇರಿಸಬೇಕು. ವರಮಹಾಲಕ್ಷ್ಮಿ ವ್ರತ, ಗೌರಿಗಣೇಶ, ಸತ್ಯನಾರಾಯಣ ಪೂಜೆ, ಊರಿನ ಮದುವೆ ಬಂದಿತೆಂದರೆ ಮುಟ್ಟನ್ನು ಮುಂದೂಡುವ ಗುಳಿಗೆಯನ್ನು ಅಂಗಡಿಯಿಂದ ತರಿಸಿ ನುಂಗುವುದು. ಅದರ ಹೆಸರು ನಾರೆಥಿಸ್ಟೆರಾನ್. ವೈದ್ಯರು ಬೇರೆ ಕಾರಣಕ್ಕೂ ಅದನ್ನು ಕೊಡುತ್ತಾರೆ, ಔಷಧ ಕೆಟ್ಟದ್ದಲ್ಲ. ಆದರೆ ಒಂದು ಹೊತ್ತು ತಪ್ಪಿದರೆ ನಡುವೆಯೇ ರಕ್ತ ಕಾಣುತ್ತದೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಬರುತ್ತದೆ. ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಅದು ಸಲ್ಲದು. ಶ್ರಾವಣದಲ್ಲೊಮ್ಮೆ, ಭಾದ್ರಪದದಲ್ಲೊಮ್ಮೆ, ನವರಾತ್ರಿಗೊಮ್ಮೆ ನುಂಗಿ, ಕಾರ್ತಿಕದ ಹೊತ್ತಿಗೆ 'ಲೆಕ್ಕವೇ ಸಿಗುವುದಿಲ್ಲ' ಎಂದು ವೈದ್ಯರ ಬಳಿ ಹೋದರೆ, ನುಂಗಿದ್ದನ್ನು ಮುಚ್ಚಿಡದೆ ಹೇಳಬೇಕು. ಇಲ್ಲವಾದರೆ ಅವರು ಬೇಡದ ಪರೀಕ್ಷೆಗಳನ್ನೆಲ್ಲ ಮಾಡಿಸಬೇಕಾಗುತ್ತದೆ.

ಮೂರನೆಯದು ದೇಹದ ಒಳಸ್ರಾವಗಳ ಏರುಪೇರು. ಅಂಡವು ಬಲಿತು ಹೊರಬೀಳುವ ಸಮಯದಲ್ಲಿ, ಎಂದರೆ ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಇರುವಾಗ, ಕೆಲವರಿಗೆ ಒಂದೆರಡು ದಿನ ಚುಕ್ಕೆ ಕಾಣುತ್ತದೆ, ಅದು ರೋಗವಲ್ಲ. ಮೈನೆರೆದ ಮೊದಲ ಎರಡು ಮೂರು ವರ್ಷ ಹುಡುಗಿಯರಿಗೆ ಮುಟ್ಟು ಹಿಂದುಮುಂದಾಗುವುದು ಸಹಜ. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಾಗಲೂ ಲೆಕ್ಕ ತಪ್ಪುತ್ತದೆ. ಥೈರಾಯ್ಡ್ ಗ್ರಂಥಿಯ ದೋಷ, ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಾಗುವ ಪಿ.ಸಿ.ಓ.ಎಸ್. ಎಂಬ ತೊಂದರೆ, ಇವೂ ಕಾರಣವಾಗುತ್ತವೆ. ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವ ಹೃದ್ರೋಗಿಗಳಿಗೂ ಹೀಗಾಗುವುದುಂಟು.

ನಾಲ್ಕನೆಯದು ಸೋಂಕು. ಗರ್ಭಕೋಶದ ಬಾಯಿಯಲ್ಲೋ ಒಳಪದರದಲ್ಲೋ ಸೋಂಕಾದರೆ ಬಿಳಿ ಸೆರಗಿನೊಂದಿಗೆ ರಕ್ತವೂ ಕಾಣುತ್ತದೆ. ಕಿಬ್ಬೊಟ್ಟೆ ನೋಯುತ್ತದೆ, ಜ್ವರ ಬರಬಹುದು. ಇವುಗಳಲ್ಲಿ ಕೆಲವು ಸೋಂಕುಗಳು ಗಂಡನಿಂದ ಹೆಂಡತಿಗೆ ಬರುವಂಥವು. ಹೆಂಡತಿಯೊಬ್ಬಳಿಗೇ ಔಷಧ ಕೊಡಿಸಿ ತಾನು ತೆಗೆದುಕೊಳ್ಳದ ಗಂಡ ಆ ರೋಗವನ್ನು ಮತ್ತೆ ಅವಳಿಗೇ ಹಿಂತಿರುಗಿಸುತ್ತಾನೆ. ಮನೆಬಿಟ್ಟು ದೂರದಲ್ಲಿರುವ ಅಣ್ಣತಮ್ಮಂದಿರು ಈ ಮಾತನ್ನು ಬೇಸರಿಸದೆ ಕೇಳಬೇಕು. ನಮ್ಮ ದೇಶದಲ್ಲಿ ಕ್ಷಯವೂ ಗರ್ಭಕೋಶವನ್ನು ಹಿಡಿಯುತ್ತದೆ. ಮುಟ್ಟು ಕೆಡುವುದು, ಮಕ್ಕಳಾಗದಿರುವುದು ಅದರ ಗುರುತು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಪುಕ್ಕಟೆ.

ಐದನೆಯದು ಗಡ್ಡೆಗಳು. ಗರ್ಭಕೋಶದ ಒಳಗೆ ಅಥವಾ ಬಾಯಿಯಲ್ಲಿ ಸಣ್ಣ ಮೃದುವಾದ ಮಾಂಸದ ಕುಡಿ ಬೆಳೆಯುತ್ತದೆ; ಇದನ್ನು ಪಾಲಿಪ್ ಎನ್ನುತ್ತಾರೆ. ಗೋಡೆಯಲ್ಲಿ ಬೆಳೆಯುವ ಗಟ್ಟಿ ಗಡ್ಡೆಗೆ ಫೈಬ್ರಾಯ್ಡ್ ಎಂದು ಹೆಸರು. ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಹೌಹಾರಬೇಕಾಗಿಲ್ಲ. ಫೈಬ್ರಾಯ್ಡ್ ಬಹಳ ಹೆಂಗಸರಲ್ಲಿ ಇರುತ್ತದೆ, ಅದು ಕ್ಯಾನ್ಸರ್ ಆಗುವುದು ಅತಿ ವಿರಳ.

ಕೊನೆಯದು, ಎಲ್ಲರೂ ಮನಸ್ಸಿನಲ್ಲೇ ಹೆದರುವ ಕ್ಯಾನ್ಸರ್. ಇದರಲ್ಲಿ ಎರಡು ಬಗೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ನಮ್ಮ ದೇಶದಲ್ಲಿ ಹೆಚ್ಚು. 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1,27,000 ಹೆಂಗಸರಿಗೆ ಅದು ಹೊಸದಾಗಿ ಬಂದಿತು, ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ಕೂಟದ ನಂತರ ರಕ್ತ, ಮುಟ್ಟಿನ ನಡುವೆ ರಕ್ತ, ದುರ್ವಾಸನೆಯ ಸೆರಗು, ಇವು ಅದರ ಸೂಚನೆಗಳು. ಇನ್ನೊಂದು ಗರ್ಭಕೋಶದ ಒಳಪದರದ ಕ್ಯಾನ್ಸರ್. ಇದು ನಲವತ್ತೈದು ದಾಟಿದವರಲ್ಲಿ, ಮೈ ಭಾರವಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ನಡುವೆ ರಕ್ತ ಕಾಣುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು ಇದರ ಮೊದಲ ಕೂಗು. 'ಮುಟ್ಟು ನಿಲ್ಲುವ ವಯಸ್ಸು, ಹಾಗೇ ಆಗುತ್ತದೆ' ಎಂಬ ನೆರೆಹೊರೆಯ ಸಮಾಧಾನದ ಮಾತು ಎಷ್ಟೋ ಮನೆಗಳನ್ನು ಕೆಡಿಸಿದೆ. ಆ ವಯಸ್ಸಿನಲ್ಲಿ ಲೆಕ್ಕ ತಪ್ಪುವುದು ನಿಜ. ಆದರೆ ಅದೇ ವಯಸ್ಸಿನಲ್ಲಿಯೇ ಕ್ಯಾನ್ಸರ್ ಬರುವುದೂ ನಿಜ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲದ್ದು ಪರೀಕ್ಷೆ ಮಾತ್ರ.

'ಬಾಯಿಬಿಟ್ಟು ಹೇಳಿದರೆ ಏನು ದೊರಕೀತು?' ಎಂದು ಕೇಳುವವರಿಗೆ ಒಂದು ನಿಜ ಸಂಗತಿ ಹೇಳುತ್ತೇನೆ. ಕನ್ನಡಿಗರು ಬಹಳವಾಗಿರುವ ಸೋಲಾಪುರ ಜಿಲ್ಲೆಯಲ್ಲಿ ಬಾರ್ಶಿ ಎಂಬ ಊರಿದೆ. ಅಲ್ಲಿಯ ಕ್ಯಾನ್ಸರ್ ಆಸ್ಪತ್ರೆಯವರು 1987ರಲ್ಲಿ ಸುತ್ತಣ ಹಳ್ಳಿಗಳ ಕ್ಯಾನ್ಸರ್ ರೋಗಿಗಳ ದಾಖಲೆ ಇಡತೊಡಗಿದರು. ಹಳ್ಳಿಯ ಜನ ತಾವಾಗಿ ಆಸ್ಪತ್ರೆಗೆ ಬರುವವರಲ್ಲ. ಆದುದರಿಂದ ಕಾರ್ಯಕರ್ತರೇ ಊರೂರಿಗೆ ಹೋಗಿ ಜನರನ್ನು ಕೂಡಿಸಿ, ಅಕಾಲದ ರಕ್ತಸ್ರಾವವೇ ಮೊದಲಾದ ಲಕ್ಷಣಗಳನ್ನು ತಿಳಿಸಿ, ಕಂಡವರು ಬಂದು ತೋರಿಸಿಕೊಳ್ಳಿ ಎಂದು ಹೇಳಿದರು. ಅಲ್ಲಿ ಹೊಸ ಔಷಧ ಬಂದಿರಲಿಲ್ಲ, ಹೊಸ ಯಂತ್ರ ಬಂದಿರಲಿಲ್ಲ. ಆದದ್ದು ಮಾತು ಮಾತ್ರ. ಕೆಲವೇ ವರ್ಷಗಳಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇನ್ನೂ ಮೊದಲ ಹಂತಗಳಲ್ಲಿರುವಾಗಲೇ ಬಂದು ತೋರಿಸಿಕೊಳ್ಳುವವರ ಪಾಲು ಹೆಚ್ಚಿತು. ಇದನ್ನು ಆ ವೈದ್ಯರು 1995ರಲ್ಲಿ ಪ್ರಕಟಿಸಿದರು. ಮೊದಲ ಹಂತದಲ್ಲಿ ಬಂದವರು ಬಹುಮಂದಿ ಉಳಿಯುತ್ತಾರೆ. ಕೊನೆಯ ಹಂತದಲ್ಲಿ ಬಂದವರು ಉಳಿಯುವುದು ಕಷ್ಟ. ಅಕ್ಷರ ಬಾರದ ಹಳ್ಳಿಯ ಹೆಂಗಸರು ಮಾಡಿದ್ದನ್ನು ಪತ್ರಿಕೆ ಓದುವ ನಾವು ಮಾಡಲಾರೆವೆ?

ಮುಂಬಯಿಯಲ್ಲೂ ಇಂಥ ಕೆಲಸವೊಂದು ನಡೆದಿದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ನಗರದ ಕೊಳೆಗೇರಿಗಳ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪುಮಾಡಿ ದೀರ್ಘಕಾಲ ಗಮನಿಸಿದರು. ಒಂದು ಗುಂಪಿನವರಿಗೆ ಎರಡೆರಡು ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಗೆ ತೆಳುವಾದ ವಿನೆಗರ್ ಹಚ್ಚಿ, ಬೆಳ್ಳಗಾಗುವ ಜಾಗವನ್ನು ಗುರುತಿಸುವ ಪರೀಕ್ಷೆ ನಡೆಯಿತು. ಪರೀಕ್ಷೆ ಮಾಡಿದವರು ದೊಡ್ಡ ವೈದ್ಯರಲ್ಲ. ಹತ್ತನೆಯ ತರಗತಿ ಓದಿ ನಾಲ್ಕು ವಾರ ತರಬೇತಿ ಪಡೆದ ಹೆಣ್ಣುಮಕ್ಕಳು. ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಮೆಯಾಯಿತು. ಈಗ ಸರಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದ ಹೆಂಗಸರಿಗೆ ಈ ಪರೀಕ್ಷೆಯಿದೆ. ಆದರೆ ಒಂದು ಭೇದ ತಿಳಿದಿರಬೇಕು. ಈ ತಪಾಸಣೆ ಯಾವ ತೊಂದರೆಯೂ ಇಲ್ಲದವರಿಗಾಗಿ. ರಕ್ತ ಕಾಣುತ್ತಿರುವವರು ತಪಾಸಣೆಯ ಶಿಬಿರ ಯಾವಾಗ ಬರುತ್ತದೆ ಎಂದು ಕಾಯಬಾರದು. ನೇರವಾಗಿ ವೈದ್ಯರಿಗೆ ತೋರಿಸಬೇಕು. ಹೋದ ವರ್ಷ ತಪಾಸಣೆ ಸರಿ ಬಂದಿದ್ದರೂ ತೋರಿಸಬೇಕು.

ದವಾಖಾನೆಯಲ್ಲಿ ಏನು ಮಾಡುತ್ತಾರೆ ಎಂಬ ಭಯವೇ ಅನೇಕರನ್ನು ತಡೆಯುತ್ತದೆ. ಮೊದಲು ಪ್ರಶ್ನೆ ಕೇಳುತ್ತಾರೆ: ಕಳೆದ ಮುಟ್ಟು ಯಾವ ತಾರೀಖು, ನಡುವೆ ರಕ್ತ ಯಾವ ದಿನ, ಎಷ್ಟು, ಕೂಟದ ನಂತರವೋ, ನೋವಿದೆಯೋ, ಏನು ಔಷಧ ತೆಗೆದುಕೊಳ್ಳುತ್ತೀರಿ. ಆದುದರಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ಮುಟ್ಟಿನ ದಿನಕ್ಕೆ ಒಂದು ಗುರುತು, ನಡುವೆ ಕಂಡ ದಿನಕ್ಕೆ ಇನ್ನೊಂದು ಗುರುತು ಹಾಕಿಟ್ಟುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಬಳಿಕ ಮೂತ್ರದ ಪರೀಕ್ಷೆ, ರಕ್ತ ಎಷ್ಟಿದೆಯೆಂಬ ಪರೀಕ್ಷೆ. ಇದು ಮುಖ್ಯ, 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ಇರುವುದೇ ಕಡಮೆಯಾದ ರಕ್ತ ಹೀಗೆ ಸೋರಿಹೋದರೆ ಜಿನ್ನೆ ಹತ್ತುವಾಗ ಏದುಸಿರು, ಗಾಡಿಯಲ್ಲಿ ನಿಂತರೆ ತಲೆಸುತ್ತು. ಅದನ್ನು 'ಆಯಾಸ' ಎಂದು ತಳ್ಳಿಹಾಕುತ್ತೇವೆ. ಆಮೇಲೆ ಒಳಪರೀಕ್ಷೆ. ಸಣ್ಣ ಉಪಕರಣವೊಂದರಿಂದ ಗರ್ಭಕೋಶದ ಬಾಯಿಯನ್ನು ಕಣ್ಣಿಂದ ನೋಡುತ್ತಾರೆ. ಬೇಕಾದರೆ ಮೃದುವಾದ ಬ್ರಶ್ಶಿನಿಂದ ಜೀವಕಣಗಳನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಎರಡು ಮೂರು ನಿಮಿಷದ ಕೆಲಸ. ತುಸು ಇರುಸುಮುರುಸು, ಅಷ್ಟೆ. ಹೆಣ್ಣು ವೈದ್ಯರೇ ಬೇಕೆಂದು ಕೇಳುವ, ಜತೆಗೆ ಅಕ್ಕನನ್ನೋ ಅತ್ತಿಗೆಯನ್ನೋ ನಿಲ್ಲಿಸಿಕೊಳ್ಳುವ ಹಕ್ಕು ನಿಮಗಿದೆ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸೋನೋಗ್ರಫಿ ಮಾಡುತ್ತಾರೆ. ನಲವತ್ತೈದು ದಾಟಿದವರಿಗೆ ಒಳಪದರದ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು.

ಭಾಷೆಯ ತೊಡಕೂ ಒಂದಿದೆ. ಊರಿಂದ ಹೊಸದಾಗಿ ಬಂದ ಸೊಸೆ ಇಲ್ಲಿಯ ದವಾಖಾನೆಯಲ್ಲಿ 'ಹೊಟ್ಟೆ ನೋವು' ಎಂದಷ್ಟೇ ಹೇಳಿ, ಅದಕ್ಕೆ ಗುಳಿಗೆ ಪಡೆದು ಹಿಂತಿರುಗುತ್ತಾಳೆ; ಬಂದ ಕೆಲಸ ಉಳಿದೇಹೋಗುತ್ತದೆ. ಮರಾಠಿಯ ಮೂರು ವಾಕ್ಯ ಕಲಿತರೆ ಸಾಕು. ಮುಟ್ಟಿನ ನಡುವೆ ರಕ್ತ ಹೋಗುತ್ತದೆ ಎನ್ನಲು 'ದೋನ್ ಪಾಳ್ಯಾಂಚ್ಯಾ ಮಧ್ಯೇ ರಕ್ತ ಜಾತೇ'. ಕೂಟದ ನಂತರ ರಕ್ತ ಎನ್ನಲು 'ಸಂಬಂಧಾನಂತರ್ ರಕ್ತ ಜಾತೇ'. ಬಿಳಿ ಸೆರಗಿಗೆ 'ಅಂಗಾವರೂನ್ ಪಾಂಢರೇ ಜಾತೇ'. ಬಾಯಿ ಬಾರದಿದ್ದರೆ ಈ ಪತ್ರಿಕೆಯ ಪುಟವನ್ನು ನೋಡಿಕೊಂಡು ಓದಿ ಹೇಳಲಿ, ನಾಚಿಕೆಯೇನೂ ಇಲ್ಲ.

ಎಲ್ಲಿಗೆ ಹೋಗಬೇಕು? ಮೊದಲಿಗೆ ಪರೇಲಿನವರೆಗೆ ಓಡಬೇಕಾಗಿಲ್ಲ. ಡೊಂಬಿವಲಿಯವರಿಗೆ ಮಹಾನಗರಪಾಲಿಕೆಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದವರಿಗೆ ರುಕ್ಮಿಣೀಬಾಯಿ ಆಸ್ಪತ್ರೆ, ಠಾಣೆಯವರಿಗೆ ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ನವಿ ಮುಂಬಯಿಯವರಿಗೆ ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆ ಇವೆ. ಪಗಾರದಲ್ಲಿ ಇ.ಎಸ್.ಐ. ಕಡಿತವಾಗುವವರು ತಮ್ಮ ಕಾರ್ಡಿನ ಮೇಲೆ ಹೆಂಡತಿಗೂ ಚಿಕಿತ್ಸೆ ದೊರೆಯುತ್ತದೆಂಬುದನ್ನು ಮರೆಯಬಾರದು. ಅನೇಕರು ವರ್ಷಗಟ್ಟಲೆ ಹಣ ಕಟ್ಟಿಯೂ ಹೆಂಡತಿಯ ಹೆಸರನ್ನೇ ಸೇರಿಸಿರುವುದಿಲ್ಲ. ಕ್ಯಾನ್ಸರಿನ ಸಂಶಯ ಬಂದರೆ ಟಾಟಾ ಸ್ಮಾರಕ ಆಸ್ಪತ್ರೆ ಪರೇಲಿನಲ್ಲಿದೆ. ಅದರದೇ ಇನ್ನೊಂದು ಕೇಂದ್ರ ಖಾರಘರದಲ್ಲಿದ್ದು, ಠಾಣೆಯಿಂದ ಪನವೇಲ್ ಗಾಡಿ ಹಿಡಿದರೆ ತಲುಪಬಹುದು.

ಇಷ್ಟು ಹೊತ್ತು ಮುಚ್ಚಿಡುವುದರ ಕೇಡನ್ನು ಹೇಳಿದೆ. ಇದಕ್ಕೆ ತದ್ವಿರುದ್ಧವಾದ ಕೇಡೂ ಒಂದಿದೆ, ಅದು ಆತುರ. 'ರಕ್ತ ಹೋಗುತ್ತದೆಯೇ? ಮಕ್ಕಳಾಗಿವೆಯಲ್ಲ, ಚೀಲ ತೆಗೆಸಿಬಿಡು' ಎಂಬ ಮಾತು ಈಗ ಬಹಳ ಸುಲಭವಾಗಿ ಬರುತ್ತಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ಸಣ್ಣ ತೊಂದರೆಗೂ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆಯಲಾಗುತ್ತಿದೆ ಎಂಬ ದೂರು 2015ರಲ್ಲಿ ಎದ್ದು, ಸರಕಾರ ವಿಚಾರಣೆ ನಡೆಸಬೇಕಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ 82,000ಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿದಾಗ 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದುದು ತಿಳಿಯಿತು. ಮುಟ್ಟಿನಿಂದ ಕೂಲಿ ತಪ್ಪುತ್ತದೆ ಎಂಬ ಹೆದರಿಕೆಯೂ ಅದಕ್ಕೆ ಒಂದು ಕಾರಣವಾಗಿತ್ತು. ಈ ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಸರಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು.

ಗರ್ಭಕೋಶ ತೆಗೆಯುವುದು ಕೆಲವು ರೋಗಗಳಲ್ಲಿ ಪ್ರಾಣ ಉಳಿಸುವ ಚಿಕಿತ್ಸೆ. ಆದರೆ ಕಾರಣ ತಿಳಿಯುವ ಮೊದಲೇ ಮಾಡತಕ್ಕದ್ದಲ್ಲ. ಸೋಂಕಿಗೆ ಔಷಧವಿದೆ, ಥೈರಾಯ್ಡಿಗೆ ಗುಳಿಗೆಯಿದೆ, ಪಾಲಿಪನ್ನು ಅದೊಂದನ್ನೇ ತೆಗೆಯಬಹುದು, ಎಷ್ಟೋ ಫೈಬ್ರಾಯ್ಡುಗಳಿಗೆ ಏನೂ ಮಾಡಬೇಕಾಗಿಯೇ ಇಲ್ಲ. ಅಂಡಾಶಯಗಳನ್ನೂ ಜತೆಗೆ ತೆಗೆದರೆ ಮುಟ್ಟು ನಿಲ್ಲುವ ಕಾಲದ ಎಲ್ಲ ತೊಂದರೆಗಳೂ ಒಮ್ಮೆಗೇ ಎರಗುತ್ತವೆ, ಎಲುಬು ಬೇಗ ಸವೆಯುತ್ತದೆ. ಯಾರಾದರೂ 'ತೆಗೆಯಬೇಕು' ಎಂದರೆ ಮೂರು ಪ್ರಶ್ನೆ ಕೇಳಿರಿ: ಕಾರಣವೇನು, ತುಣುಕಿನ ಪರೀಕ್ಷೆಯ ವರದಿ ಎಲ್ಲಿ, ಬೇರೆ ಚಿಕಿತ್ಸೆ ಇಲ್ಲವೇ? ಕಾಗದಗಳನ್ನೆಲ್ಲ ತೆಗೆದುಕೊಂಡು ಇನ್ನೊಬ್ಬ ವೈದ್ಯರಿಗೆ ತೋರಿಸಿರಿ. ಅದರಿಂದ ಮೊದಲ ವೈದ್ಯರಿಗೆ ಅವಮಾನವೇನೂ ಆಗುವುದಿಲ್ಲ.

ಗಂಡಸರಿಗೆ ಒಂದೆರಡು ಮಾತು. ನಮ್ಮ ವಾಚನಾಲಯಕ್ಕೆ ಬಂದು ಈ ಪತ್ರಿಕೆ ಓದುವವರಲ್ಲಿ ನೀವೇ ಹೆಚ್ಚು. ಹೆಂಡತಿ, ತಾಯಿ, ಅಕ್ಕ, ಮಗಳು, ಇವರಲ್ಲಿ ಯಾರಾದರೂ 'ಸ್ವಲ್ಪ ತೊಂದರೆ' ಎಂದರೆ ಆ ಸ್ವಲ್ಪದ ಹಿಂದೆ ಎಷ್ಟು ತಿಂಗಳ ಸಹನೆಯಿದೆಯೋ ತಿಳಿಯದು. ಮನೆಯ ಖರ್ಚಿಗೆ ಅಂಜಿ ಹೆಂಗಸು ತನ್ನ ರೋಗವನ್ನು ಕೊನೆಯ ಸಾಲಿಗೆ ಇಡುತ್ತಾಳೆ: ಮಕ್ಕಳ ಫೀ, ಊರಿಗೆ ಕಳಿಸುವ ಹಣ, ಖೋಲಿಯ ಬಾಡಿಗೆ, ಆಮೇಲೆ ತನ್ನ ಮೈ. ಆ ಸಾಲನ್ನು ತಿದ್ದುವ ಕೆಲಸ ನಿಮ್ಮದು. ಒಂದು ದಿನದ ರಜೆ ಹಾಕಿ ಜತೆಗೆ ಹೋಗಿರಿ. ಹೆಂಡತಿ ಊರಲ್ಲಿದ್ದರೆ ಫೋನಿನಲ್ಲಿ ನೀವೇ ಮೊದಲು ಕೇಳಿರಿ. ತಾಲೂಕಿನ ಆಸ್ಪತ್ರೆಗೆ ಹೋಗಲು ಹಣವನ್ನು ಬೇರೆಯಾಗಿಯೇ ಕಳಿಸಿರಿ. ಮನೆಯಲ್ಲಿ 9ರಿಂದ 14 ವಯಸ್ಸಿನ ಹೆಣ್ಣುಮಗುವಿದ್ದರೆ ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆಯ ಬಗ್ಗೆ ವೈದ್ಯರನ್ನು ವಿಚಾರಿಸಿರಿ. ಪುಣೆಯಲ್ಲಿಯೇ ತಯಾರಾದ ಲಸಿಕೆಯೊಂದು 2023ರಿಂದ ದೊರೆಯುತ್ತಿದೆ.

ಕೊನೆಯದಾಗಿ, ಮನೆಗೆ ಒಯ್ಯಬೇಕಾದ ಮಾತುಗಳನ್ನು ಒಟ್ಟಿಗೆ ಹೇಳಿ ಮುಗಿಸುತ್ತೇನೆ. ತಾಸಿಗೊಂದು ಪ್ಯಾಡ್ ಅಥವಾ ಬಟ್ಟೆ ತೊಯ್ಯುವಷ್ಟು ರಕ್ತ ಎರಡು ತಾಸು ಬಿಡದೆ ಹೋದರೆ, ತಲೆ ತಿರುಗಿ ಬಿದ್ದರೆ, ಬಸಿರಿನ ಸಂಶಯವಿದ್ದು ಹೊಟ್ಟೆ ನೋವು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತ ಮೇಲೆ ಒಂದೇ ಚುಕ್ಕೆ ಕಂಡರೂ, ಕೂಟದ ನಂತರ ಒಮ್ಮೆ ಕಂಡರೂ ಆ ವಾರದಲ್ಲೇ ತೋರಿಸಬೇಕು. ಮುಟ್ಟಿನ ನಡುವೆ ಎರಡು ಮೂರು ತಿಂಗಳು ಮತ್ತೆ ಮತ್ತೆ ಕಂಡರೆ, ಅದು ಎಷ್ಟೇ ಸ್ವಲ್ಪವಿರಲಿ, ತೋರಿಸಬೇಕು. ನಲವತ್ತೈದು ದಾಟಿದವರು ಒಂದು ಸಲ ಕಂಡರೂ ತೋರಿಸಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ, ಒಬ್ಬರ ಮುಂದೆಯಾದರೂ ಹೇಳಿರಿ, ಕಾರಣ ತಿಳಿಯದೆ ಕತ್ತರಿಗೆ ಒಪ್ಪಬೇಡಿರಿ.

ನಮ್ಮ ಹೆಣ್ಣುಮಕ್ಕಳು ನೋವನ್ನು ಸಹಿಸುವುದರಲ್ಲಿ ಬಹಳ ಸಮರ್ಥರು ಎಂದು ಹೊಗಳುತ್ತ ಬಂದಿದ್ದೇವೆ. ಆ ಹೊಗಳಿಕೆಯನ್ನು ಇನ್ನು ಸಾಕುಮಾಡೋಣ. ತೋರಿಸಿಕೊಂಡು ಬಂದ ಹತ್ತು ಮಂದಿಯಲ್ಲಿ ಬಹುಪಾಲು ಜನ 'ಏನೂ ಇಲ್ಲವಂತೆ, ಸಣ್ಣ ಸೋಂಕಂತೆ' ಎಂದು ನಗುತ್ತ ಮನೆಗೆ ಬರುತ್ತಾರೆ. ಉಳಿದವರು ವೇಳೆಗೆ ಸರಿಯಾಗಿ ತೋರಿಸಿಕೊಂಡುದರಿಂದ ಬದುಕುತ್ತಾರೆ.